ದೇವಕಿಯ ಬೋಣಿ

ದಿನದ ಮೊದಲ ನೋಟು ಕೈಗೆ ಬಂದ ಕೂಡಲೇ ದೇವಕಿ ಅದನ್ನು ಮೀನಿನ ಬುಟ್ಟಿಯ ಅಂಚಿಗೆ ತಾಗಿಸಿ, ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅದು ಬೋಣಿ. ಅಷ್ಟು ಹೊತ್ತು ಗಿರಾಕಿ ಮಾತಾಡಬಾರದು. ಕಾನ್ವೆಂಟಿನಲ್ಲಿ ಊಟಕ್ಕೆ ಮೊದಲು ಕಣ್ಮುಚ್ಚಿ ಗ್ರೇಸ್ ಪ್ರಾರ್ಥನೆ ಹೇಳುತ್ತಿದ್ದ ಸಿಸ್ಟರ್ ಮುಖ ನನಗೆ ನೆನಪಾಗುತ್ತಿತ್ತು.

ಹೊನ್ನಾವರದ ಬಂದರಿನಿಂದ ಬೆಳಗಿನ ಬಸ್ಸಿಗೆ ಅವಳು ಹಳದೀಪುರದ ನಮ್ಮ ಓಣಿಗೆ ಬರುತ್ತಿದ್ದಳು. ಎಲ್ಲರೂ ಮೊಬೈಲಿನಲ್ಲೇ ಹಣ ಹಾಕತೊಡಗಿದಾಗ ತನ್ನ ನಂಬರನ್ನು ಮನೆಮನೆಗೂ ಕೊಟ್ಟಳು. ನಾನು ಫಸ್ಟ್ ಪೇಮೆಂಟ್ ಮಾಡಿದ ದಿನ ನನ್ನ ಫೋನನ್ನೇ ಕಸಿದು, ಬುಟ್ಟಿಗೆ ತಾಗಿಸಿ, ಕಣ್ಣಿಗೆ ಒತ್ತಿಕೊಂಡಳು. ವಾರವಿಡೀ ಫೋನಿಗೆ ಬಂಗಡೆ ವಾಸನೆ.

"ಮುಂದೆ ಇದೂ ಇಲ್ಲ ಮಾರಾಯ್ತಿ. ಮಷೀನಿನ ಹತ್ತಿರ ಫೋನ್ ಹಿಡಿದರೆ ಸಾಕು, ಮುಟ್ಟುವುದೇ ಬೇಡ, ಕಾಂಟ್ಯಾಕ್ಟ್‌ಲೆಸ್," ಎಂದೆ.

"ಕೈಯಿಂದ ಕೈಗೆ ಬರದಿದ್ರೆ ಬೋಣಿ ಹೆಂಗೆ ಆತದೆ ಅಕ್ಕೋರೆ? ನೀವು ಕಲ್ತವ್ರು, ನಾಳೆ ಮೀನಿಲ್ದೇ ಮೀನ್‌ಸಾರು ಮಾಡೂದೂ ಕಲೀತ್ರಿ." ಟೀಚರಾಗಿದ್ದವಳು ನಾನು, ಅವಳಿಗೆ ಕೊನೆಯವರೆಗೂ ಅಕ್ಕೋರು.

ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿದರೆ ಅವಳು ಫೋನನ್ನೂ ಆಫ್ ಮಾಡಿ ಅಕ್ಕಿ ಡಬ್ಬಿಯಲ್ಲಿಡುತ್ತಿದ್ದಳು. "ಮೀನಿಲ್ದ ದಿನ ಇದಕ್ಕೆಂತಕ್ಕೆ ರೀಚಾರ್ಜು? ದಡದಲ್ಲಿದ್ದ ದೋಣಿಗೆ ಡೀಸೆಲ್ ಹಾಕ್ತ್ರಾ?"

ಹೋದ ವರ್ಷ ಮಳೆಗಾಲ ಮುಗಿಯುತ್ತಲೇ ಅವಳಿಗೆ ಮಂಡಿನೋವು ಬಂತು, ಫೋನು ಅಕ್ಕಿ ಡಬ್ಬಿಯಲ್ಲೇ ಉಳಿಯಿತು. ಸಂಕ್ರಾಂತಿ ಕಳೆದ ಮೇಲೆ ಬುಟ್ಟಿ ಹೊತ್ತಳು. ಅಷ್ಟರಲ್ಲಿ ಮೊಬೈಲ್ ಕಂಪನಿ ತಿಂಗಳುಗಟ್ಟಲೆ ರೀಚಾರ್ಜಿಲ್ಲದ ಆ ನಂಬರನ್ನು ಬೇರೆ ಯಾರಿಗೋ ಕೊಟ್ಟಾಗಿತ್ತು. ಟವರ್ ಸಿಗುತ್ತಿಲ್ಲ ಎಂದುಕೊಂಡಳು ಅವಳು. ಹೆಸರು ನೋಡದೆ ಹಣ ಹಾಕಿದೆವು ನಾವು. ಮರುದಿನ ಬಂದರಿನ ಹರಾಜಿಗೆ ನಿಲ್ಲಲು ಅವಳಿಗೆ ಬಂಡವಾಳವಾಗಬೇಕಿದ್ದ ಆ ಹಣವೆಲ್ಲ ಯಾರದೋ ಖಾತೆಗೆ ಹೋಯಿತು. ಕುಮಟಾದ ಮೊಬೈಲ್ ಅಂಗಡಿಯಲ್ಲಿ, ಈ ನಂಬರ್ ಈಗ ನಿಮ್ಮದಲ್ಲ ಎಂದರಂತೆ.

"ನಾ ಇನ್ನೂ ಬದ್ಕಿದ್ದೆ ಅಲ್ಲಾ ಅಕ್ಕೋರೆ," ಎಂದಳು.

ಹೊಸ ನಂಬರ್ ತೆಗೆದುಕೊಳ್ಳಲಿಲ್ಲ. ಸಾಲ ಮಾಡಿ ಮೀನು ತಂದು, ನೋಟು ಕೊಡಿ ಎಂದು ಮನೆಮನೆಯಲ್ಲಿ ಕೇಳಿದಳು. ಓಣಿಯಲ್ಲಿ ಯಾರ ಹತ್ತಿರವೂ ನೋಟಿರಲಿಲ್ಲ. ಹೆದ್ದಾರಿ ಬದಿಯ ಮೀನಂಗಡಿಯಲ್ಲಿ ಫೋನ್ ಹಿಡಿದರೆ ಮಷೀನು ಟಿಕ್ ಎನ್ನುತ್ತದೆ. ಜನ ಅಲ್ಲಿಗೆ ಹೋದರು.

ಬೆಳಕೆ ಊರಿನಲ್ಲಿರುವ ಮಗಳ ಮನೆಯಲ್ಲಿ ಅವಳು ತೀರಿಕೊಂಡ ಸುದ್ದಿ ಈ ಮಳೆಗಾಲದಲ್ಲಿ ಬಂತು.

ಅವಳು ನಮ್ಮ ಮನೆಗೆ ಕೊನೆಯ ಸಲ ಬಂದದ್ದು ಅದಕ್ಕೂ ಮೊದಲಿನ ಬೇಸಿಗೆಯಲ್ಲಿ, ಒಂದು ಸುಡುವ ಮಧ್ಯಾಹ್ನ. ಬುಟ್ಟಿಯ ಐಸು ಕರಗಿ ಅವಳ ಹೆಗಲು ಒದ್ದೆಯಾಗಿತ್ತು. ಪರ್ಸಿನಲ್ಲಿದ್ದ ಒಂದೇ ನೋಟನ್ನು ಕೊಟ್ಟೆ. ಬುಟ್ಟಿಯ ಅಂಚಿಗೆ ತಾಗಿಸಿ, ಕಣ್ಣಿಗೆ ಒತ್ತಿಕೊಂಡಳು. ಬಹಳ ಹೊತ್ತು ಕೈ ತೆಗೆಯಲಿಲ್ಲ. ನಾನು ಮಾತಾಡಲಿಲ್ಲ.

"ಬೋಣಿ ಆತು ಅಕ್ಕೋರೆ," ಎಂದಳು.

ಬುಟ್ಟಿಯಲ್ಲಿ ಬೆಳಿಗ್ಗೆ ತುಂಬಿದ ಮೀನು ಹಾಗೆಯೇ ಇತ್ತು.