ಕಿಟಕಿ ಮುಚ್ಚಿದವಳು ನಾನು

ಆಗ ನನಗೆ ಅರವತ್ತನಾಲ್ಕು. ಆರು ವರ್ಷದ ಹಿಂದಿನ ಮಾತು. ಈರಪ್ಪಾ, ನೀನು ನಿನ್ನ ಅಣ್ಣ ಶಿವಪ್ಪನಿಗೆ ಬರೆದದ್ದು ಅವನ ಕಣ್ಣಿಗೆ ಬೀಳದ ಹಾಗೆ ಮಾಡಿದವಳು ನಾನು. ನಿನ್ನ ಹೆತ್ತ ತಾಯಿ.

ನೀವಿಬ್ಬರೂ ಪಾಲಾಗಿ, ಪಡಸಾಲೆಯ ನಡುವೆ ಗೋಡೆ ಎದ್ದು ಎರಡು ಮಳೆಗಾಲ ಕಳೆದಿದ್ದವು. ನೀನು ಫೋನು ಮಾಡಿದರೆ ಶಿವಪ್ಪ ಎತ್ತುತ್ತಿರಲಿಲ್ಲ. ದೊಡ್ಡವರ ಮಾತು ನಿಂತರೂ ಹುಡುಗಿಯರದು ನಿಲ್ಲಲಿಲ್ಲ. ಕುಂದಗೋಳದ ಕಾಲೇಜಿಗೆ ಹೋಗುತ್ತಿದ್ದ ಅವನ ಮಗಳು ಸುಮಾ, ನಿನ್ನ ಮಗಳು ಗೀತಾ ಕೂಡಿ ಏನೋ ಹೂಡಿದ್ದರು — ಆಚೆ ಮನೆಯ ಕಂಪ್ಯೂಟರಿನಲ್ಲಿ ಒಂದು ಕಿಟಕಿ, ಈಚೆ ಮನೆಯದರಲ್ಲಿ ಒಂದು. ಅಲ್ಲಿ ಬರೆದದ್ದು ಇಲ್ಲಿ ಮೂಡುತ್ತಿತ್ತು. ಹೊರಗಿನ ನೆಟ್ಟು ಬೇಕಿರಲಿಲ್ಲ. ಗೋಡೆಗೆ ಜಡಿದ ವೈಫೈ ಡಬ್ಬಿಯೊಂದೇ ಸಾಕಿತ್ತು.

"ಅಜ್ಜಿ, ಕಸಾ ಹೊಡಿಯೂವಾಗ ಈ ಕಿಡಕಿ ಮುಚ್ಚಬ್ಯಾಡ ಮತ್ತ," ಅಂದಿದ್ದಳು ಸುಮಾ.

"ಮುಚ್ಚಿದ್ರ ಧೂಳರ ಬರೂದಿಲ್ಲಬೇ," ಅಂದೆ. ನಾನು ಗೋಡೆಯ ಕಿಟಕಿ ನೋಡುತ್ತಿದ್ದೆ. ಅವಳು ಬಿದ್ದು ಬಿದ್ದು ನಕ್ಕಳು.

"ಅದಲ್ಲ, ಇದು! ಮೂಲ್ಯಾಗಿನ ಈ ಇಂಟೂ ಮಾರ್ಕ್ ಒತ್ತಿದಿ ಅಂದ್ರ ಮುಗೀತು. ಬರ್ದದ್ದು ಬ್ಯಾರೆ ಎಲ್ಲೂ ಉಳಿಯಂಗಿಲ್ಲ. ಆ ಕಿಡಕಿಯಿಂದ ಸೀದಾ ಈ ಕಿಡಕಿಗೆ. ನಡುವ ಯಾರೂ ಇಲ್ಲ."

ಆ ಮಧ್ಯಾಹ್ನ ಶಿವಪ್ಪನ ಮನೆಯಲ್ಲಿ ನಾನೊಬ್ಬಳೇ. ಸುಮಾ ಕಾಲೇಜಿಗೆ, ಶಿವಪ್ಪ ಮತ್ತು ಸೊಸೆ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ. ಕಂಪ್ಯೂಟರಿನಿಂದ ಟಣ್ ಅಂತ ಸಪ್ಪಳಾಯಿತು. ಅಕ್ಷರ ಕೂಡಿಸಿ ಕೂಡಿಸಿ ಓದುವವಳು ನಾನು, ಹೊತ್ತು ಹಿಡಿಯಿತು.

"ಅಣ್ಣಾ, ನಾ ಈರಪ್ಪ. ತಪ್ಪು ನಂದ. ಗ್ವಾಡಿ ಕೆಡವೂಣು. ಬರ್ಲೇನು?"

ನಾನು ಅತ್ತೆನೆಂದು ತಿಳಿಯಬೇಡ. ಅಳಲಿಲ್ಲ. ನನಗೆ ನೆನಪಾದದ್ದು ಒಲೆ. ಒಂದೇ ಒಲೆಯಿದ್ದಾಗ ಸೊಸೆಯರಿಬ್ಬರೂ ಒಂದಾಗಿ, "ನೀವು ಸುಮ್ಕ ಕುಂದರ್ರಿ ಅತ್ತಿ" ಅನ್ನುತ್ತಿದ್ದರು. ಗೋಡೆ ಎದ್ದ ಮೇಲೆ ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ. ಅಲ್ಲಿ ತುಪ್ಪ ಹಾಕಿದರೆ ಇಲ್ಲಿ ಬೆಣ್ಣೆ. ಆ ಮನೆಯಲ್ಲಿ ಏನಂದರು ಅಂತ ಎರಡೂ ಕಡೆ ನನ್ನನ್ನೇ ಕೇಳುವುದು, ನಾನು ಹೇಳಿದ್ದೇ ಸುದ್ದಿ. ಗೋಡೆ ಬಿದ್ದರೆ ನಾನು — ಅದಕ್ಕೇ ಒತ್ತಿದೆನೋ? ಕೂಡಿದರೆ ಮತ್ತೆ ಬಡಿದಾಡುತ್ತೀರೆಂಬ ಹೆದರಿಕೆಯೋ? ಎಷ್ಟು ತಿರುವಿ ಹಾಕಿದರೂ ನನಗೇ ಗೊತ್ತಾಗಿಲ್ಲ. ಮೌಸಿನ ಬಾಣ ಆ ಇಂಟೂ ಮಾರ್ಕಿನ ಮೂಲೆಗೆ ಹೋಗದೆ ಎರಡು ಸಲ ತಪ್ಪಿತು. ತಪ್ಪಿದಾಗ ಬಿಡಬಹುದಿತ್ತು — ಬಿಡಲಿಲ್ಲ. ಕಿಟಕಿ ಹೋಯಿತು, ನಿನ್ನ ಮಾತೂ ಹೋಯಿತು. ಎಲ್ಲಿಗೆ ಹೋಗುತ್ತದೋ, ಇವತ್ತಿಗೂ ತಿಳಿಯದು.

ಸಂಜೆ ಸುಮಾ ಬಂದವಳೇ, "ಅಜ್ಜಿ, ಕಿಡಕಿ ಮುಚ್ಚಿದೇನು?" ಅಂದಳು.

"ತೆರದೈತಿ ನೋಡಲ್ಲೆ," ಅಂದೆ — ಗೋಡೆಯ ಕಡೆ ಕೈ ಮಾಡಿ. ಈ ಸಲ ತಿಳಿದೇ ಅಂದೆ. ಅವಳು ಮತ್ತೆ ನಕ್ಕಳು. ಕರೆಂಟು ಹೋಗಿರಬೇಕು ಅಂದುಕೊಂಡಳು.

ನೀನು ಗೀತಾಳಿಗೂ ಹೇಳದೆ ಬರೆದಿದ್ದೆ. ಅಣ್ಣ ಓದಿ ಸುಮ್ಮನಾದ ಅಂತ ನೀನು ತಿಳಿದೆ. ಸುಮಾಳ ಮದುವೆಗೆ ಬಾಜು ಮನೆಯಿಂದ ನೀನು ಬರಲಿಲ್ಲ. ಶಿವಪ್ಪ ಅಕ್ಕಿಕಾಳು ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದ — ಅದನ್ನೂ ನಿನಗೆ ಹೇಳಲಿಲ್ಲ. ನಡುವೆ ಯಾರೂ ಇಲ್ಲ ಅಂದಿದ್ದಳು ಹುಡುಗಿ. ನಡುವೆ ನಾನಿದ್ದೆ.

ಅಕ್ಷರ ಕೂಡಿಸಿ ಕೂಡಿಸಿ ಬರೆದ ಈ ಕಾಗದ ಓದಿ ಶಿವಪ್ಪನಿಗೆ ಕೊಡು. ನೀನೇ ಹೋಗಿ ಕೊಡು. ನನ್ನ ಕೈಯಲ್ಲಿ ಕೊಟ್ಟು ಕಳಿಸಬೇಡ.

ಕಿಟಕಿ ಮುಚ್ಚಿದ ಮರುದಿನ ಮುಂಜಾನೆ ನನ್ನ ಪಾಳಿ ನಿನ್ನ ಮನೆಗೆ ಬಂದಿತ್ತು. ನೀನು ನಿದ್ದೆಗೆಟ್ಟ ಕಣ್ಣಲ್ಲಿ ಕೇಳಿದೆ, "ಯವ್ವಾ, ಅಣ್ಣ ಏನರ ಅಂದ್ನೇನು?"

"ಏನೂ ಅಂದಿಲ್ಲಪಾ," ಅಂದೆ. ಅದು ಖರೆಯೇ ಆಗಿತ್ತು. ನೀನು ರೊಟ್ಟಿ ಮುಟ್ಟದೆ ಎದ್ದು ಹೋದೆ. ನಾನು ತಾಟು ಮುಂದೆ ಸರಿಸಿ, ಇನ್ನೊಂದಿಷ್ಟು ಬೆಣ್ಣೆ ಹಾಕಿಸಿಕೊಂಡು ಉಂಡೆ.