ಹಾಲಸ್ವಾಮಿಯವರ ವಾಯಿದೆ

ಹೊಸಪೇಟೆಯ ಕೋರ್ಟಿನಲ್ಲಿ ಅಮೀನರಾಗಿ ಮೂವತ್ತು ವರ್ಷ ಊರೂರಿಗೆ ಸಮನ್ಸು ಹೊತ್ತ ಹಾಲಸ್ವಾಮಿಯವರು, ಪಿಂಚಣಿ ಬಂದ ಮೇಲೆ ಹಿತ್ತಲಿನ ಗಿಡಬಳ್ಳಿಗಳ ಮೇಲೆ ಅಧಿಕಾರ ನಡೆಸುತ್ತಾರೆ. ದಸರೆ ಮುಗಿದ ಮರುದಿನ ಹಳೇ ಕೋಟು ತೊಟ್ಟು, ಕುಡುಗೋಲು ಹಿಡಿದು, ಕಲೆಕ್ಟರ್ ದೊರೆಯ ಗತ್ತಿನಲ್ಲಿ ತಪಾಸಣೆಗೆ ಇಳಿಯುತ್ತಾರೆ. ಚಪ್ಪರ ತುಂಬಿದ ಹೀರೆಬಳ್ಳಿಗೆ "ಭಾಳ ಶಾಣ್ಯಾಕಿ ನೀನು" ಎಂದು ಎಲೆ ಸವರುತ್ತಾರೆ. ಹೂವೇ ಬಿಡದ ಅವರೆಗೆ "ಸೀಗಿ ಹುಣ್ಣಿಮಿ ತನಕ ವಾಯಿದೆ, ಆಮ್ಯಾಲ ಕುಡುಗೋಲು" ಎಂದು ಗದರುತ್ತಾರೆ. ಅವರೆ ಹೆದರಿಯೋ ಏನೋ, ನಾಲ್ಕೇ ದಿನಕ್ಕೆ ಹೂ ಬಿಡುತ್ತದೆ. ಹೆದರದಿರುವುದು ಮೂಲೆಯ ಪ್ಯಾರಲ ಗಿಡ ಒಂದೇ. ಹನ್ನೆರಡು ವರ್ಷದಿಂದ ಒಂದೂ ಸೀಬೆಕಾಯಿ ಕೊಟ್ಟಿಲ್ಲ. ಸೀಗಿ ಹುಣ್ಣಿಮೆಯ ದಿನ, ಭೂಮಿತಾಯಿ ಬಸುರಿ ಎಂದು ಊರವರೆಲ್ಲ ಹೊಲಕ್ಕೆ ಚರಗದ ಎಡೆ ಚೆಲ್ಲಲು ಹೋದರೆ, ಇವರು ಹೋಳಿಗೆಯ ಮೊದಲ ತುತ್ತನ್ನು ಆ ಗಿಡದ ಬುಡಕ್ಕೇ ಇಟ್ಟು "ಬರೋ ವರ್ಷ ನೋಡಾನ ತಗಾ" ಅನ್ನುತ್ತಾರೆ. ಈ ಸಲ ಪಕ್ಕದ ಮನೆಯ ನಾನು "ಕಡದ ಬಿಡ್ರಲ್ಲ" ಎಂದೆ. ಅವರು ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ಹೆಂಡತಿ ಕೊಟ್ರಮ್ಮನ ಕಡೆ ನೋಡಿ ದನಿ ತಗ್ಗಿಸಿದರು: "ಮಕ್ಕಳಾಗಲಿಲ್ಲಂತ ನಮ್ಮವ್ವ ಇಕಿಗೂ ಹಿಂಗ ಒಂದು ವರ್ಷ ವಾಯಿದೆ ಹಾಕಿದ್ಲು, ಆಮ್ಯಾಲ ತವರಿಗೆ ಕಳಸೋದಂತ. ನಾನು ಮುಂದಕ್ಕ ಹಾಕಿದೆ. ಹಾಕ್ತಾನ ಬಂದೀನಿ, ನಲವತ್ತು ವರ್ಷಾತು."