ಸ್ಕೂಟರಿನ ಅಭ್ಯಂಜನ

ಕಳೆದ ಶನಿವಾರ ನನ್ನ ಹೆಂಡತಿ ಎಣ್ಣೆಸ್ನಾನಕ್ಕೆಂದು ಹರಳೆಣ್ಣೆ ಬಿಸಿಗಿಟ್ಟು, ಫೋನಿನಲ್ಲಿ ಮಾತಾಡುತ್ತ ಮರೆತಳು. ಬಟ್ಟಲು ಕಾದು, ಎಣ್ಣೆ ಹೊಗೆಯಾಡಿ, ಅದರ ಘಾಟು ಹಜಾರದವರೆಗೂ ಬಂತು. ಅವಳು ಕಿಟಕಿ ತೆರೆಯಲು ಓಡಿದಳು. ನಾನು ಪೇಪರು ಮಡಿಸಿಟ್ಟೆ. ನಲವತ್ತು ವರ್ಷಗಳ ಹಿಂದೆ ಜಯನಗರದ ನಮ್ಮ ಬೀದಿಯಲ್ಲಿ ಬೆಳಗಾದರೆ ಇದೇ ಘಾಟು ಇರುತ್ತಿತ್ತು, ಅದರ ಜೊತೆಗೆ ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ... ಎದುರುಮನೆಯ ಮೇಷ್ಟ್ರು ಸ್ಕೂಟರು ಹೊರಡಿಸಿದರು ಎಂಬುದು ಇಡೀ ಬೀದಿಗೆ ಮೂಗಿನಿಂದಲೇ ತಿಳಿಯುತ್ತಿತ್ತು.

ಮೇಷ್ಟ್ರು ಪಾಲಿಟೆಕ್ನಿಕ್ಕೊಂದರಲ್ಲಿ ಹುಡುಗರಿಗೆ ವರ್ಕ್‌ಶಾಪ್ ಕಲಿಸಿ ನಿವೃತ್ತರಾದವರು. ಮಕ್ಕಳಿರಲಿಲ್ಲ. ಅವರು, ಅವರ ಹೆಂಡತಿ, ಒಂದು ಹಳೆಯ ಸ್ಕೂಟರು, ಇಷ್ಟೇ ಸಂಸಾರ. ನಾನು ಆಗ ವಿಮಾ ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ, ಎದುರಿನ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ಉಳಿದವರು ಸರ್ಕಾರವನ್ನು ಬೈದು ಸುಮ್ಮನಾಗುತ್ತಿದ್ದರು, ಮೇಷ್ಟ್ರು ಮಾತ್ರ ಸ್ಪ್ಯಾನರು ಹಿಡಿದು ಕೂತರು. ಮಂಡ್ಯದ ಕಡೆ ಅಷ್ಟೊಂದು ಕಬ್ಬು ಬೆಳೆಯುತ್ತದೆ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಸ್ಪಿರಿಟ್ಟು ಬರುತ್ತದೆ, ಅದರಲ್ಲೇ ಗಾಡಿ ಓಡುವಾಗ ಯಾರ ಮುಂದೆಯೋ ಯಾಕೆ ಕೈಚಾಚಬೇಕು ಎಂಬುದು ಅವರ ವಾದ. ವಾದ ಕೇಳಲು ಸಿಕ್ಕವನು ನಾನೊಬ್ಬನೇ. ಭಾನುವಾರದ ತಿಂಡಿ ಅವರ ಮನೆಯಲ್ಲೇ ಆಗುತ್ತಿದ್ದುದರಿಂದ ಒಪ್ಪಿಕೊಳ್ಳುವುದಕ್ಕೆ ನನಗೇನೂ ಕಷ್ಟವಿರಲಿಲ್ಲ.

ಕೆಲಸ ಹೇಳಿದಷ್ಟು ಸುಲಭವಿರಲಿಲ್ಲ. ಪೆಟ್ರೋಲಿಗಿಂತ ಸ್ಪಿರಿಟ್ಟು ಹೆಚ್ಚು ಸುರಿಯಬೇಕು, ಹಾಗಾಗಿ ಕಾರ್ಬ್ಯುರೇಟರಿನೊಳಗೆ ಪೆಟ್ರೋಲು ಹಾಯುವ ಜೆಟ್ಟಿನ ತೂತನ್ನು ಕೂದಲೆಳೆಯಷ್ಟು ದೊಡ್ಡದು ಮಾಡಬೇಕು. ಒಂದಿಷ್ಟು ಹೆಚ್ಚಾದರೆ ಆ ಜೆಟ್ಟು ಗುಜರಿಗೆ. ಹಾಗೆ ಕೆಟ್ಟ ಜೆಟ್ಟುಗಳು ಅವರ ಕಿಟಕಿಯಲ್ಲಿ ಸಾಲಾಗಿ ಕೂತಿದ್ದವು. ಸ್ಪಿರಿಟ್ಟಿಗೆ ರಬ್ಬರು ಉಬ್ಬುತ್ತಿತ್ತು, ವಾಷರುಗಳನ್ನು ಬದಲಾಯಿಸಿದರು. ಆ ಗಾಡಿಗೆ ಪೆಟ್ರೋಲಿನ ಜೊತೆಗೇ ಬೆರೆಸಿ ಹಾಕುವ ಮಾಮೂಲಿ ಎಂಜಿನ್ ಆಯಿಲು ಸ್ಪಿರಿಟ್ಟಿನೊಂದಿಗೆ ಬೆರೆಯುತ್ತಿರಲಿಲ್ಲ, ಹರಳೆಣ್ಣೆ ಬೆರೆಯಿತು. ಕೊನೆಗೆ ಉಳಿದದ್ದು ಚಳಿ. ಬೆಳಗಿನ ಥಂಡಿಯಲ್ಲಿ ಸ್ಪಿರಿಟ್ಟು ಸುಲಭಕ್ಕೆ ಹೊತ್ತಿಕೊಳ್ಳುತ್ತಿರಲಿಲ್ಲ. ಮೇಷ್ಟ್ರು ಟವೆಲನ್ನು ಕುದಿಯುವ ನೀರಿನಲ್ಲಿ ಅದ್ದಿ ಕಾರ್ಬ್ಯುರೇಟರಿಗೆ ಸುತ್ತುತ್ತಿದ್ದರು, ನಾನು ಕಿಕ್ ಹೊಡೆಯುತ್ತಿದ್ದೆ. ಮೊದಲು ಹರಳೆಣ್ಣೆ, ಆಮೇಲೆ ಬಿಸಿನೀರು. ಸ್ಕೂಟರಿಗೆ ಅಭ್ಯಂಜನ ನಡೆಯುತ್ತಿದೆ ಎಂದು ಹಾಲಿಗೆ ಹೋಗುವವರು ನಗುತ್ತಿದ್ದರು. ಮೇಷ್ಟ್ರು ಬೇರೆ ಕಡೆ ತಿರುಗಿದಾಗ ನಾನೂ ನಗುವವರ ಜೊತೆ ಸೇರಿಕೊಳ್ಳುತ್ತಿದ್ದೆ.

ಸ್ಪಿರಿಟ್ಟು ಕೊಳ್ಳಲು ಅವರಿಗೆ ಪಾಲಿಟೆಕ್ನಿಕ್ಕಿನ ಮೂಲಕ ಅಬಕಾರಿ ಪರವಾನಗಿ ಸಿಕ್ಕಿತ್ತು. ಅದರ ಅವಧಿ ಮುಗಿಯುತ್ತ ಬಂದಿತ್ತು. ಅವರು ಬರೆದ ಅರ್ಜಿಗಳಿಗೆಲ್ಲ ಕೊನೆಗೊಂದು ಉತ್ತರ ಬಂತು. ಸರ್ಕಾರದ ಒಬ್ಬ ಎಂಜಿನಿಯರು ಮನೆಗೇ ಬಂದು ನೋಡುತ್ತಾರೆ, ಗಾಡಿ ಒಂದು ತೊಟ್ಟೂ ಪೆಟ್ರೋಲಿಲ್ಲದೆ ಹೊರಟು ಓಡಿದರೆ ಪರವಾನಗಿ ಮುಂದುವರಿಯುತ್ತದೆ, ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಒಂದು ಮೂಲೆಯೂ ಪ್ರಯೋಗಕ್ಕೆ ಒಂದು ಹಳೆಯ ಜೀಪೂ ಸಿಗುತ್ತವೆ. ಆ ಕಾಗದವನ್ನು ಮೇಷ್ಟ್ರು ನನ್ನಿಂದ ಮೂರು ಸಲ ಓದಿಸಿದರು. ನಿವೃತ್ತರಾದ ಮೇಲೆ ಅವರನ್ನು ಯಾರಾದರೂ ಕೆಲಸಕ್ಕೆಂದು ಕರೆದದ್ದು ಅದೇ ಮೊದಲು.

ಎಂಜಿನಿಯರು ಬರುವ ದಿನ ಗೊತ್ತಾದದ್ದು ಸಂಕ್ರಾಂತಿಯ ಹಿಂದುಮುಂದಿನ ಚಳಿಯಲ್ಲಿ. ಆ ವಾರ ಸ್ಕೂಟರು ನನ್ನ ಕಾಲು ನೋಯಿಸಿಬಿಟ್ಟಿತು. ಎರಡು ದಿನವಂತೂ ಬಿಸಿಲೇರುವವರೆಗೆ ಮಿಸುಕಲಿಲ್ಲ. ಬಂದವರ ಮುಂದೆ ಹೀಗೇ ಆದರೆ ಏನು ಗತಿ, ಒಂಚೂರು ಪೆಟ್ರೋಲು ಬೆರೆಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಅವರ ಹೆಂಡತಿ ನನ್ನೆದುರಿಗೇ ಕೇಳಿದರು. ಮೇಷ್ಟ್ರು ಎಂದೂ ಇಲ್ಲದಷ್ಟು ರೇಗಿದರು. ಆಮೇಲೆ ನನ್ನ ಕಡೆ ತಿರುಗಿ, ಹೊಸ ಜೆಟ್ಟು ಹಾಕುತ್ತಿದ್ದೇನೆ, ಈ ಸಲ ಯೋಚನೆ ಮಾಡಬೇಡ ಎಂದರು. ನಾನು ತಲೆಯಾಡಿಸಿದೆ. ಮಾರನೆಯ ದಿನ ಆಫೀಸಿನಿಂದ ಬರುವಾಗ ಬಂಕಿನಲ್ಲಿ ಹಳೆಯ ಶರಬತ್ತಿನ ಬಾಟಲಿಯೊಂದಕ್ಕೆ ಪೆಟ್ರೋಲು ತುಂಬಿಸಿಕೊಂಡೆ.

ಎಂಜಿನಿಯರು ಬರುವ ದಿನ ಬೆಳಿಗ್ಗೆ ನಾನು ಹಾಲಿನ ಬೂತಿನ ಸಾಲು ಮುಗಿಸಿ ಬರುವಷ್ಟರಲ್ಲಿ ಏಳು ಗಂಟೆಯಾಗಿತ್ತು. ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಅಂಗಳದಲ್ಲಿ ಸ್ಕೂಟರಿನ ಮೇಲೆ ಅವರ ಹಳೆಯ ಪಂಚೆ ಹೊದಿಸಿತ್ತು. ಬಾಟಲಿಯನ್ನು ಪೂರ್ತಿ ಟ್ಯಾಂಕಿಗೆ ಬಗ್ಗಿಸಿ, ಮುಚ್ಚಳ ತಿರುಗಿಸಿ, ಪಂಚೆಯನ್ನು ಮೊದಲಿದ್ದಂತೆಯೇ ಎಳೆದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಎಂಟೂವರೆಗೆ ಎಂಜಿನಿಯರು ಬಂದರು, ಜೊತೆಗೆ ಪಾಲಿಟೆಕ್ನಿಕ್ಕಿನ ಹೊಸ ಪ್ರಿನ್ಸಿಪಾಲರು. ಸ್ಕೂಟರು ಮೊದಲ ಕಿಕ್ಕಿಗೇ ಹೊರಟಿತು. ಮೇಷ್ಟ್ರು ಎಂಜಿನಿಯರನ್ನು ಹಿಂದೆ ಕೂರಿಸಿಕೊಂಡು ತಿಲಕ್ ನಗರದ ತನಕ ಹೋಗಿ ಬಂದರು. ಇಳಿಯುವಾಗ ಅವರ ಮುಖ ನೋಡಬೇಕಿತ್ತು... ಎಂಜಿನಿಯರಿಗೂ ಖುಷಿಯಾಗಿತ್ತು. ಕೊನೆಯದಾಗಿ ಒಂದು ಸಣ್ಣ ಪರೀಕ್ಷೆ ಎಂದು ಅರ್ಧ ಲೋಟ ನೀರು ಕೇಳಿದರು. ಮೇಷ್ಟ್ರೇ ಒಳಗೆ ಹೋಗಿ ಗಾಜಿನ ಲೋಟ ತಂದುಕೊಟ್ಟರು. ಸ್ಪಿರಿಟ್ಟು ನೀರಿನಲ್ಲಿ ಕರಗುತ್ತದೆ, ಪೆಟ್ರೋಲು ತೇಲುತ್ತದೆ. ಅದು ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ.

ಟ್ಯಾಂಕಿನಿಂದ ಇಳಿಸಿದ್ದನ್ನು ಲೋಟಕ್ಕೆ ಸುರಿದಾಗ ಹರಳೆಣ್ಣೆಯಿಂದಾಗಿ ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಅದು ಸರಿಯೇ ಎಂದು ಎಂಜಿನಿಯರು ತಲೆದೂಗಿದರು. ನಾವೆಲ್ಲ ನೋಡುತ್ತ ನಿಂತೆವು. ನಿಧಾನಕ್ಕೆ ಮೇಲೊಂದು ಕಿತ್ತಳೆ ಬಣ್ಣದ ಪದರ ಬಂದು ನಿಂತಿತು. ಎಂಜಿನಿಯರು ಮೂಸಿ ನೋಡಿ, ಲೋಟವನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟರು. ಮೇಷ್ಟ್ರಿಗೆ ಮೊದಲು ಅರ್ಥವೇ ಆಗಲಿಲ್ಲ.

"ಬೆಳಿಗ್ಗೆ ಐದೂವರೆಗೆ ನಾನೊಬ್ನೇ ಸ್ಟಾರ್ಟ್ ಮಾಡಿ ನೋಡಿದ್ದೆ ಸಾರ್," ಎಂದರು. "ಮೊದಲ್ನೇ ಕಿಕ್ಕಿಗೇ ಹತ್ತಿತ್ತು. ಆಗ ಇದ್ದಿದ್ದು ಬರೀ ಸ್ಪಿರಿಟ್ಟು."

ಐದೂವರೆಗೆ ನಾನು ಹಾಲಿನ ಸಾಲಿನಲ್ಲಿದ್ದೆ. ನನ್ನ ಪೆಟ್ರೋಲು ಬೇಕೇ ಇರಲಿಲ್ಲ. ಹೊಸ ಜೆಟ್ಟು ಗೆದ್ದಿತ್ತು. ಆ ಕ್ಷಣ ಬಾಯಿಬಿಟ್ಟಿದ್ದರೆ ಆಗುತ್ತಿತ್ತು. ಹಾಕಿದವನು ನಾನು, ಟ್ಯಾಂಕು ಖಾಲಿ ಮಾಡಿ ಇನ್ನೊಮ್ಮೆ ನೋಡಿ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಇಬ್ಬರು ದೊಡ್ಡ ಮನುಷ್ಯರು ನನ್ನನ್ನು ಏನೆಂದುಕೊಳ್ಳುತ್ತಾರೋ ಎಂಬ ಅಳುಕಿಗೆ ಲೋಟದ ಕಡೆಯೇ ನೋಡುತ್ತ ನಿಂತೆ.

ಎಂಜಿನಿಯರು ಕೆಟ್ಟವರಲ್ಲ. "ಇರ್ಲಿ ಬಿಡಿ ಮೇಷ್ಟ್ರೇ, ಈ ವಯಸ್ಸಲ್ಲಿ ಇಷ್ಟು ಮಾಡಿದೀರಲ್ಲ, ಅದೇ ದೊಡ್ಡದು," ಎಂದು ಅವರ ಭುಜ ತಟ್ಟಿದರು. ಪ್ರಿನ್ಸಿಪಾಲರು ಬೀದಿಯ ಕಡೆ ನೋಡುತ್ತ ನಕ್ಕರು. ಮೇಷ್ಟ್ರು ನನ್ನ ಕಡೆ ತಿರುಗಲೇ ಇಲ್ಲ. ತಿರುಗಿದ್ದು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ. ಆಕೆ ಒಮ್ಮೆ ನನ್ನನ್ನು ನೋಡಿ, ತಟ್ಟೆಯನ್ನು ಮುಂದೆ ಹಿಡಿದರು. ಅವರು ಕೊಟ್ಟ ಕಾಫಿಯನ್ನು ನಾನು ಪೂರ್ತಿ ಕುಡಿದೆ.

ಪರವಾನಗಿ ಮುಂದುವರಿಯಲಿಲ್ಲ. ಜೀಪಿನ ಸುದ್ದಿ ಮತ್ತೆ ಬರಲಿಲ್ಲ. ಮೇಷ್ಟ್ರು ಸ್ಕೂಟರನ್ನು ಸಿಕ್ಕ ಬೆಲೆಗೆ ಮಾರಿ ಎಲ್ಲಿಗಾದರೂ ನಡೆದೇ ಹೋಗತೊಡಗಿದರು. ಹೆಂಡತಿಯೊಂದಿಗೆ ಮಾತು ಬಿಟ್ಟರು. ಭಾನುವಾರ ನಾನು ಹೋದರೆ, ಕಾಫಿ ಆಯ್ತಾ ಕೇಳು ಎಂದು ನನ್ನನ್ನು ಅಡುಗೆಮನೆಗೆ ಕಳಿಸುತ್ತಿದ್ದರು. ಆಯ್ತು ಅಂತ ಹೇಳಪ್ಪ ಎಂದು ಆಕೆ ನನ್ನನ್ನು ಹಜಾರಕ್ಕೆ ಕಳಿಸುತ್ತಿದ್ದರು. ಹತ್ತು ಹೆಜ್ಜೆಯ ಆ ಮನೆಯಲ್ಲಿ ತಿಂಗಳುಗಟ್ಟಲೆ ಹೀಗೆ ಓಡಾಡಿದೆ. ಒಂದು ಮಾತಿನಲ್ಲಿ ಅದನ್ನು ನಿಲ್ಲಿಸಬಹುದಿತ್ತು. ಇವತ್ತು ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ... ಅಷ್ಟರಲ್ಲಿ ದಾವಣಗೆರೆಗೆ ವರ್ಗವಾಯಿತು. ಸಂತೋಷದಿಂದ ಹೋದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಬಂದವನು, ಊಟ ಮುಗಿಸಿ ಎಲ್ಲರೂ ಹೊರಟ ಮೇಲೆ, ಆಕೆಯ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಆಕೆ ಅಳಲಿಲ್ಲ, ಬೈಯಲಿಲ್ಲ.

"ನಂಗೊತ್ತು ಕಣಪ್ಪ. ಅವತ್ತೇ ಅಡುಗೆಮನೆ ಕಿಟಕೀಲಿ ನೋಡಿದ್ದೆ."

ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ, ತಪ್ಪನ್ನು ನಿಮ್ಮ ಮೇಲೆ ಯಾಕೆ ಹಾಕಿಕೊಂಡಿರಿ ಎಂದು ಕೇಳಿದೆ.

"ನಾನು ಮೊದ್ಲಿಂದ್ಲೂ ನಂಬಿರ್ಲಿಲ್ಲ, ಅದು ಅವರಿಗೆ ಗೊತ್ತಿತ್ತು. ನನ್ನ ಮೇಲಿನ ಕೋಪ ಹ್ಯಾಗೋ ತಡ್ಕೊಂಡ್ರು. ಅವರನ್ನ ನಂಬಿದೋನು ಅಂತ ಇದ್ದಿದ್ದು ನೀನೊಬ್ಬ. ನೀನೂ ನಂಬಿರ್ಲಿಲ್ಲ ಅಂತ ಹ್ಯಾಗಪ್ಪ ಹೇಳ್ಲಿ?"

ಈಗ ಆಕೆಯೂ ಇಲ್ಲ. ಕ್ಷಮಿಸಿ ಎನ್ನಬೇಕಾದವರಿಗೆ ಅದನ್ನು ಹೇಳದೆಯೇ ನಾನು ಮುದುಕನಾದೆ.

ಮೊನ್ನೆ ಜೆ.ಪಿ. ನಗರದ ಬಂಕಿನಲ್ಲಿ ಪೆಟ್ರೋಲು ಹಾಕಿಸಲು ನಿಂತಿದ್ದೆ. ಈಗೆಲ್ಲ ಪೆಟ್ರೋಲಿಗೇ ಸ್ಪಿರಿಟ್ಟು ಬೆರೆಸಿ ಕೊಡುತ್ತಾರೆ, ಅದೂ ಕಬ್ಬಿನದೇ ಅಂತೆ. ಪಂಪಿನ ಮೇಲೆ ಅಂಟಿಸಿದ ಚೀಟಿ ನೋಡಿ ಪಕ್ಕದ ಬೈಕಿನ ಹುಡುಗನೊಬ್ಬ ಗೊಣಗುತ್ತಿದ್ದ. ಮೈಲೇಜು ಬಿದ್ದುಹೋಯಿತಂತೆ, ಮೆಕ್ಯಾನಿಕ್ಕೂ ಅದನ್ನೇ ಹೇಳಿದನಂತೆ.

"ಯಾವನೋ ತಲೆಕೆಟ್ಟೋನ ಐಡಿಯಾ ಇರ್ಬೇಕು ಇದು. ಅಲ್ವಾ ಅಂಕಲ್?"

ಹೇಳಲು ಎಷ್ಟೊಂದಿತ್ತು. ಹುಡುಗ ಉತ್ತರಕ್ಕೆ ಕಾಯುತ್ತ ನನ್ನ ಮುಖ ನೋಡುತ್ತಿದ್ದ, ಸಾಲಿನಲ್ಲಿದ್ದ ಇನ್ನಿಬ್ಬರೂ ತಿರುಗಿ ನೋಡಿದರು.

ಹೂಂ ಎಂದೆ.